ಬೇಲಿಯೊಳಗೆ ತರುವುದು ಸುಲಭ, ತೆಗೆಯುವುದು ಕಷ್ಟ

ಅಮೆರಿಕದ ಟೆಕ್ಸಾಸ್ ರಾಜ್ಯದ ನಡುಭಾಗದಲ್ಲಿ ಎಡ್ವರ್ಡ್ಸ್ ಪ್ರಸ್ಥಭೂಮಿ ಎಂಬ ಸುಣ್ಣಕಲ್ಲಿನ ಸೀಮೆ ಇದೆ. ಮೇಲೆ ತೆಳ್ಳನೆಯ ಮಣ್ಣು, ಕೆಳಗೆ ಬರೀ ಬಂಡೆ. ಉತ್ತು ಬಿತ್ತುವುದಕ್ಕೆ ಒಗ್ಗುವ ನೆಲವಲ್ಲ. ಓಕ್ ಮತ್ತು ಜುನಿಪರ್ ಮರಗಳ ನಡುವೆ ಹುಲ್ಲು ಬೆಳೆಯುತ್ತದೆ. ಹಾಗಾಗಿ ಅಲ್ಲಿನ ಒಕ್ಕಲುಗಳು ತಲೆಮಾರುಗಳಿಂದ ಕುರಿ, ಮೇಕೆ, ದನ ಸಾಕಿಕೊಂಡು ಬಂದವರು. ಇಂದು ಆ ಸೀಮೆಯ ಎಷ್ಟೋ ರಸ್ತೆಗಳ ಬದಿಯಲ್ಲಿ ಎಂಟಡಿ ಎತ್ತರದ ತಂತಿಬಲೆಯ ಬೇಲಿ ಮೈಲಿಗಟ್ಟಲೆ ಓಡುತ್ತದೆ. ಅದರ ಆಚೆ ಮೇಯುತ್ತಿರುವ ಹಿಂಡುಗಳಲ್ಲಿ ಹೆಚ್ಚಿನವು ಆ ಮಣ್ಣಿನವಲ್ಲ. ಉತ್ತರ ಆಫ್ರಿಕದ ಬೆಟ್ಟಗಳಿಂದ ಬಂದ ಔದಾದ್ ಕುರಿ, ಮೆಡಿಟರೇನಿಯನ್ ದ್ವೀಪಗಳ ಮೂಫ್ಲಾನ್, ಕತ್ತಿಯಂತೆ ಬಾಗಿದ ಕೊಂಬಿನ ಐಬೆಕ್ಸ್ ಆಡು, ಇವುಗಳ ಜೊತೆಗೆ ನಮ್ಮ ದೇಶದ ಚುಕ್ಕೆ ಜಿಂಕೆ, ಕೃಷ್ಣಮೃಗ, ನೀಲಗಾಯ್ ಕೂಡ ಅಲ್ಲಿವೆ. ಬೇಟೆಗೆ, ಮಾಂಸಕ್ಕೆ, ಮರಿ ಮಾರಾಟಕ್ಕೆ, ಕೆಲವೊಮ್ಮೆ ಬರೀ ಕಣ್ಣಿನ ಸಂತೋಷಕ್ಕೆ ಇವನ್ನು ಸಾಕುತ್ತಾರೆ. ಇಂಥ ಪರದೇಶಿ ಕುರಿ ಮೇಕೆಗಳನ್ನು ಬೇಲಿ ಹಾಕಿದ ರಾಂಚ್‌ಗಳಲ್ಲಿ ತುಂಬುವುದು ಸರಿಯೋ ತಪ್ಪೋ ಎಂಬ ಚರ್ಚೆ ಅಲ್ಲಿ ದಶಕಗಳಿಂದ ನಡೆದಿದೆ. ಚರ್ಚೆ ಸಾಮಾನ್ಯವಾಗಿ ಯಾವ ಪ್ರಾಣಿಯನ್ನು ತರಬಹುದು, ಯಾವುದನ್ನು ತರಬಾರದು ಎಂಬಲ್ಲೇ ಸುತ್ತುತ್ತದೆ. ಈ ಭಾಷಣದಲ್ಲಿ ನಾನು ಎತ್ತಿಹಿಡಿಯಲು ಬಯಸುವ ಮಾತು ಬೇರೆ. ಬೇಲಿಯೊಳಗಿನ ಹಿಂಡಿನ ಹಣೆಬರಹವನ್ನು ನಿರ್ಧರಿಸುವುದು ಎಷ್ಟನ್ನು ತಂದೆವು ಎಂಬುದಲ್ಲ, ವರ್ಷವರ್ಷ ಎಷ್ಟನ್ನು ಹೊರಗೆ ತೆಗೆಯುತ್ತೇವೆ ಎಂಬುದು. ತೆಗೆಯುವ ದಾರಿ ಮೊದಲೇ ಗೊತ್ತುಮಾಡಿಕೊಳ್ಳದವರು ತರಲು ಹೊರಡಬಾರದು.

ಈ ಪ್ರಾಣಿಗಳು ಅಲ್ಲಿಗೆ ಹೇಗೆ ಬಂದವು ಎಂಬುದನ್ನು ಮೊದಲು ನೋಡಬೇಕು. ದಕ್ಷಿಣ ಟೆಕ್ಸಾಸಿನ ಕಿಂಗ್ ರಾಂಚ್‌ನಲ್ಲಿ ನೀಲಗಾಯ್‌ಗಳನ್ನು 1930ರ ಹೊತ್ತಿಗೆ ಬಿಟ್ಟರು. ಚುಕ್ಕೆ ಜಿಂಕೆ, ಕೃಷ್ಣಮೃಗಗಳು ಅದರ ಬೆನ್ನಿಗೇ 1932ರ ಸುಮಾರಿಗೆ ಬಂದವು. ಆಗ ಅದು ಕೆಲವು ದೊಡ್ಡ ಒಡೆಯರ ಹವ್ಯಾಸವಾಗಿತ್ತು. ಹವ್ಯಾಸ ಕಸುಬಾದದ್ದು ಉಣ್ಣೆಯ ಕಾಲ ಇಳಿದ ಮೇಲೆ. 1940ರ ದಶಕದಲ್ಲಿ ಟೆಕ್ಸಾಸಿನಲ್ಲಿ ಒಂದು ಕೋಟಿಗೂ ಮೀರಿದ ಕುರಿಗಳಿದ್ದವು. ಆಮೇಲೆ ಕೃತಕ ನೂಲು ಮಾರುಕಟ್ಟೆಗೆ ಬಂತು, 1950ರ ದಶಕದಲ್ಲಿ ಏಳು ವರ್ಷಗಳ ಭೀಕರ ಬರ ಬಂತು, ಉಣ್ಣೆಗೂ ಅಂಗೋರಾ ಮೇಕೆಯ ತುಪ್ಪಟಕ್ಕೂ ಸರ್ಕಾರ ಕೊಡುತ್ತಿದ್ದ ಬೆಂಬಲಧನ 1990ರ ದಶಕದಲ್ಲಿ ನಿಂತೇಹೋಯಿತು. ಕುರಿಯ ಉಣ್ಣೆ ಕತ್ತರಿಸಿ ಬರುವ ದುಡ್ಡಿಗಿಂತ, ದೊಡ್ಡ ಕೊಂಬಿನ ಒಂದು ಪರದೇಶಿ ಟಗರನ್ನು ಹೊಡೆಯಲು ಬೇಟೆಗಾರ ಕೊಡುವ ದುಡ್ಡು ಎಷ್ಟೋ ಪಾಲು ಹೆಚ್ಚೆಂದು ಒಡೆಯರು ಕಂಡುಕೊಂಡರು. ಕಾನೂನೂ ಅನುಕೂಲವಾಗಿತ್ತು. ಟೆಕ್ಸಾಸಿನ ನೆಲದಲ್ಲಿ ಶೇಕಡಾ 95ಕ್ಕೂ ಹೆಚ್ಚು ಖಾಸಗಿಯವರದು. ಸ್ಥಳೀಯ ಬಿಳಿಬಾಲದ ಜಿಂಕೆಯ ಬೇಟೆಗೆ ಋತು, ಮಿತಿ, ಪರವಾನಗಿ ಎಲ್ಲವನ್ನೂ ರಾಜ್ಯವೇ ಗೊತ್ತುಮಾಡುತ್ತದೆ. ಪರದೇಶಿ ಪ್ರಾಣಿಗೆ ಋತುವಿನ ಕಟ್ಟು ಇಲ್ಲ, ಅದು ಒಡೆಯನ ಸ್ವತ್ತಿನಂತೆ. ವರ್ಷದ ಹನ್ನೆರಡು ತಿಂಗಳೂ ಬೇಟೆಯ ಗಿರಾಕಿ ಸಿಗುತ್ತಾನೆ. 1988ರಲ್ಲಿ ರಾಜ್ಯದ ವನ್ಯಜೀವಿ ಇಲಾಖೆ ಎಣಿಕೆ ಮಾಡಿಸಿದಾಗ 67 ಜಾತಿಗಳ ಸುಮಾರು 1,64,000 ಪರದೇಶಿ ಪ್ರಾಣಿಗಳು ಸಿಕ್ಕವು. ಹೀಗೆ ಬರಡು ನೆಲದಲ್ಲಿ ಬದುಕು ಕಟ್ಟಿಕೊಳ್ಳುವ ಜಾಣ್ಮೆಯೇ ಇದರ ಮೂಲ. ಇದನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕಿದರೆ ಪ್ರಶ್ನೆ ಅರ್ಥವಾಗುವುದಿಲ್ಲ.

ಈಗ ಬೇಲಿಯ ವಿಚಾರ. ಬೇಲಿ ಪ್ರಾಣಿಯನ್ನು ಒಳಗಿಡುತ್ತದೆ ಎಂಬುದು ಎಲ್ಲರಿಗೂ ಕಾಣುವ ಸಂಗತಿ. ಮೇವು ಮುಗಿದಾಗ ಬೇರೆ ಕಡೆಗೆ ಹೋಗುವ ದಾರಿಯನ್ನೂ ಅದು ಮುಚ್ಚುತ್ತದೆ ಎಂಬುದು ಬೇಗ ಹೊಳೆಯುವುದಿಲ್ಲ. ಔದಾದ್ ತನ್ನ ತವರಿನ ಸಹಾರದ ಬೆಟ್ಟಗಳಲ್ಲಿ ಬದುಕುವುದೇ ಅಲೆದಾಟದಿಂದ. ಮಳೆ ಬಿದ್ದ ಕಣಿವೆಗೆ ಹೋಗುತ್ತದೆ, ಒಣಗಿದ ಕಣಿವೆಯನ್ನು ಬಿಡುತ್ತದೆ. ಬೇಲಿ ಬಿದ್ದ ದಿನದಿಂದ ಆ ತೀರ್ಮಾನ ಪ್ರಾಣಿಯ ಕೈತಪ್ಪಿ ಒಡೆಯನ ತಲೆಗೆ ಬರುತ್ತದೆ. ಲೆಕ್ಕವನ್ನು ಅಂದಾಜಿನ ಸಂಖ್ಯೆಗಳಲ್ಲಿ ಇಟ್ಟು ನೋಡೋಣ. ಸಾವಿರ ಎಕರೆಯ ರಾಂಚ್. ಎಕರೆಗೆ ಒಳ್ಳೆಯ ವರ್ಷದಲ್ಲಿ 800 ಕೆ.ಜಿ. ಒಣಮೇವು ಬೆಳೆಯುತ್ತದೆ ಎನ್ನೋಣ. ಹುಲ್ಲುಗಾವಲು ಬಲ್ಲವರ ಹಳೆಯ ಸೂತ್ರದ ಪ್ರಕಾರ ಅರ್ಧವನ್ನು ನೆಲಕ್ಕೇ ಬಿಡಬೇಕು, ಬೇರು ಉಳಿಯುವುದಕ್ಕೆ, ಮಣ್ಣು ಕೊಚ್ಚಿಹೋಗದಿರುವುದಕ್ಕೆ. ಮಿಕ್ಕ ಅರ್ಧದಲ್ಲಿ ಅರ್ಧ ತುಳಿತಕ್ಕೆ, ಮಿಡತೆಗೆ, ಗಾಳಿಗೆ ಹೋಗುತ್ತದೆ. ಹೊಟ್ಟೆಗೆ ಸೇರುವುದು ಕಾಲುಪಾಲು, ಎಕರೆಗೆ 200 ಕೆ.ಜಿ., ಒಟ್ಟು ಎರಡು ಲಕ್ಷ ಕೆ.ಜಿ. ಅರವತ್ತು ಕೆ.ಜಿ. ತೂಗುವ ಕುರಿ ದಿನಕ್ಕೆ ತನ್ನ ತೂಕದ ಶೇಕಡಾ 3ರಷ್ಟು, ಅಂದರೆ 1.8 ಕೆ.ಜಿ. ಒಣಮೇವು ತಿನ್ನುತ್ತದೆ, ವರ್ಷಕ್ಕೆ ಸುಮಾರು 650 ಕೆ.ಜಿ. ಒಳ್ಳೆಯ ವರ್ಷದಲ್ಲಿ 300 ತಲೆ. ಬರದ ವರ್ಷದಲ್ಲಿ ಮೇವು ಅರ್ಧಕ್ಕಿಳಿದರೆ 150 ತಲೆ. ಹತ್ತು ಎಕರೆಗೆ ಒಂದರಂತೆ 100 ಬಿಳಿಬಾಲದ ಜಿಂಕೆಗಳು ಬೇಲಿಗೆ ಮೊದಲೇ ಒಳಗಿದ್ದರೆ ಹೊಸಬರಿಗೆ ಉಳಿದದ್ದು 50 ತಲೆಯ ಜಾಗ. ಸಾವಿರ ಎಕರೆ ಎಂದೊಡನೆ ನೂರಾರು ಪ್ರಾಣಿಗಳ ಹಿಂಡು ಕಣ್ಣಿಗೆ ಕಟ್ಟುತ್ತದೆ. ಕೆಟ್ಟ ವರ್ಷವನ್ನು ಮುಂದಿಟ್ಟುಕೊಂಡು ಎಣಿಸಿದಾಗ ಸಿಗುವುದು ಐವತ್ತು.

ಮೇವು ಕಡಿಮೆಯಾದರೆ ಎಲ್ಲ ಪ್ರಾಣಿಗಳೂ ಸಮನಾಗಿ ಸೊರಗುತ್ತವೆ ಎಂದು ಕೆಲವರು ತಿಳಿಯಬಹುದು. ಹಾಗಾಗುವುದಿಲ್ಲ ಎಂಬುದಕ್ಕೆ ಟೆಕ್ಸಾಸಿನಲ್ಲೇ ನಡೆದ ಒಂದು ಪ್ರಯೋಗ ಸಾಕ್ಷಿ. ಕೆರ್ ವನ್ಯಜೀವಿ ನಿರ್ವಹಣಾ ಪ್ರದೇಶದಲ್ಲಿ 1971ರಲ್ಲಿ 96 ಎಕರೆಯ ಬೇಲಿಯೊಳಗೆ ಆರು ಬಿಳಿಬಾಲದ ಜಿಂಕೆಗಳನ್ನೂ ಪೂರ್ವ ಏಷ್ಯದ ಆರು ಸಿಕಾ ಜಿಂಕೆಗಳನ್ನೂ ಒಟ್ಟಿಗೆ ಬಿಟ್ಟರು. ಯಾವುದನ್ನೂ ಹೊಡೆಯಲಿಲ್ಲ, ಹೊರಗಿನಿಂದ ಮೇವು ಹಾಕಲಿಲ್ಲ. 1979ರ ಹೊತ್ತಿಗೆ ಸಿಕಾ 62 ಆಗಿದ್ದವು. ಬಿಳಿಬಾಲದ ಜಿಂಕೆ ಒಂದೂ ಉಳಿದಿರಲಿಲ್ಲ. ಕೊಂಬು ತಿವಿದು ಓಡಿಸಿದ್ದಲ್ಲ, ಕಚ್ಚಿ ಕೊಂದದ್ದಲ್ಲ. ಬಿಳಿಬಾಲದ ಜಿಂಕೆ ಎಳೆ ಸೊಪ್ಪು, ಚಿಗುರು, ಹೂಗಿಡಗಳನ್ನು ಆರಿಸಿ ತಿನ್ನುವ ಪ್ರಾಣಿ. ಬಲಿತ ಹುಲ್ಲನ್ನು ಜೀರ್ಣಿಸಿಕೊಳ್ಳಲು ಅದರ ಹೊಟ್ಟೆಗೆ ಆಗದು. ಸಿಕಾ ಮೊದಲು ಅದೇ ಸೊಪ್ಪನ್ನು ತಿಂದು ಮುಗಿಸುತ್ತದೆ, ಮುಗಿದ ಮೇಲೆ ಹುಲ್ಲಿಗೆ ಬಾಯಿ ಹಾಕಿ ಬದುಕಿಕೊಳ್ಳುತ್ತದೆ. ಅಂದರೆ ಎರಡು ತಟ್ಟೆ ಇರುವವನು ಒಂದೇ ತಟ್ಟೆ ಇರುವವನ ಊಟವನ್ನೂ ಉಂಡು ಎದ್ದ. ಔದಾದ್, ಮೂಫ್ಲಾನ್, ಐಬೆಕ್ಸ್‌ಗಳೂ ಇದೇ ಬಗೆಯವು. ಹುಲ್ಲೂ ಸರಿ, ಸೊಪ್ಪೂ ಸರಿ, ಮುಳ್ಳುಕಂಟಿಯೂ ಸರಿ. ಒಣ ಬೆಟ್ಟದಲ್ಲಿ ಸಾವಿರಾರು ವರ್ಷ ಬದುಕಿ ಬಂದ ಪ್ರಾಣಿಗೆ ಆಯ್ದು ತಿನ್ನುವ ಐಷಾರಾಮ ಇರಲಿಲ್ಲ. ಒಡೆಯರು ಮೆಚ್ಚುವುದು ಈ ಗಟ್ಟಿತನವನ್ನೇ. ಬರ ಬಂದರೂ ಸಾಯುವುದಿಲ್ಲ, ಸಿಕ್ಕಿದ್ದನ್ನು ತಿಂದುಕೊಂಡು ಮರಿ ಹಾಕುತ್ತದೆ ಎನ್ನುತ್ತಾರೆ. ನೆಲದ ಕಡೆಯಿಂದ ನೋಡಿದರೆ ಅದೇ ಗುಣ ಅಪಾಯ. ಸೂಕ್ಷ್ಮ ಪ್ರಾಣಿ ಸೊರಗಿದಾಗ ಒಡೆಯನಿಗೆ ಎಚ್ಚರಿಕೆ ಸಿಗುತ್ತದೆ. ಗಟ್ಟಿ ಪ್ರಾಣಿ ಕೊನೆಯ ಕಂಟಿಯವರೆಗೂ ದಪ್ಪಗೇ ಕಾಣುತ್ತದೆ, ಅಷ್ಟರಲ್ಲಿ ಹುಲ್ಲಿನ ಬೇರು ಸತ್ತಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹೀಗಿದೆ. ಅದೇ ನೆಲದಲ್ಲಿ ಸಾಕು ಕುರಿ, ಅಂಗೋರಾ ಮೇಕೆಗಳು ಮೇಯ್ದು ನೂರಕ್ಕೂ ಹೆಚ್ಚು ವರ್ಷ ಕಳೆದಿವೆ. ಅವು ಮಾಡದ ಯಾವ ಹಾನಿಯನ್ನು ಈ ಹೊಸಬರು ಮಾಡಿಯಾರು? ಈ ಮಾತಿನಲ್ಲಿ ಹುರುಳಿದೆ. ಎಡ್ವರ್ಡ್ಸ್ ಪ್ರಸ್ಥಭೂಮಿಯ ಹುಲ್ಲನ್ನು ಮೊದಲು ಸವೆಸಿದ್ದು ಸಾಕುಪ್ರಾಣಿಗಳೇ. ಆದರೆ ಸಾಕು ಹಿಂಡಿಗೂ ಕಾಡು ಹಿಂಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಾಕು ಕುರಿ ವರ್ಷಕ್ಕೆ ಒಂದೆರಡು ಸಲವಾದರೂ ಒಡೆಯನ ಕೈಯಡಿ ಹಾದು ಹೋಗಲೇಬೇಕು. ಉಣ್ಣೆ ಕತ್ತರಿಸಲು ದೊಡ್ಡಿಗೆ ಬರುತ್ತದೆ, ಮದ್ದು ಕುಡಿಸಲು ಬರುತ್ತದೆ, ಮರಿ ಬೇರ್ಪಡಿಸಲು ಬರುತ್ತದೆ. ಆಗ ಎಣಿಕೆ ತಾನಾಗಿ ಆಗುತ್ತದೆ. ಹಲ್ಲು ಸವೆದ ಕುರಿ, ಗೊಡ್ಡು ಕುರಿ, ಹೆಚ್ಚಾದ ಮರಿ ಸಂತೆಗೆ ಹೋಗುತ್ತವೆ. ಬರದ ಮುನ್ಸೂಚನೆ ಸಿಕ್ಕರೆ ಅರ್ಧ ಹಿಂಡನ್ನು ಒಂದೇ ವಾರದಲ್ಲಿ ಮಾರಿಬಿಡಬಹುದು. ಔದಾದನ್ನು ನಾಯಿ ಬಿಟ್ಟು ದೊಡ್ಡಿಗೆ ಅಟ್ಟಲಾಗುವುದಿಲ್ಲ. ನಿಂತಲ್ಲಿಂದಲೇ ಎತ್ತರಕ್ಕೆ ನೆಗೆಯುತ್ತದೆ, ಕಡಿದಾದ ಬಂಡೆಯ ಮೇಲೆ ನಿಲ್ಲುತ್ತದೆ, ಮೈಯ ಬಣ್ಣ ಮರಳುಗಲ್ಲಿನದೇ ಆದ್ದರಿಂದ ಅಲುಗದೆ ನಿಂತರೆ ಕಣ್ಣಿಗೇ ಬೀಳುವುದಿಲ್ಲ. ಹಿಡಿಯಬೇಕಾದರೆ ಹೆಲಿಕಾಪ್ಟರಿನಿಂದ ಬಲೆ ಎಸೆಯಬೇಕು, ಇಲ್ಲವೆ ಮೇವಿನ ಆಸೆ ತೋರಿಸಿ ವಾರಗಟ್ಟಲೆ ಪಳಗಿಸಿ ಬೋನಿಗೆ ತರಬೇಕು. ಗಾಬರಿಗೆ ಮೈಬಿಸಿ ಏರಿ, ಸ್ನಾಯು ಕೆಟ್ಟು ಸಾಯುವುದೂ ಉಂಟು. ಹಿಡಿಯುವ ಖರ್ಚು ಹೆಚ್ಚೆಂದ ಮೇಲೆ ಹಿಡಿಯುವುದು ಮುಂದೂಡಿಕೆಯಾಗುತ್ತದೆ. ಮುಂದೂಡಿದ ಒಂದೊಂದು ವರ್ಷವೂ ಹಿಂಡು ದೊಡ್ಡದಾಗುತ್ತದೆ.

ಎಷ್ಟು ಬೇಗ ದೊಡ್ಡದಾಗುತ್ತದೆ? ಔದಾದ್ ಐದೂವರೆ ತಿಂಗಳು ಗಬ್ಬ ಹೊತ್ತು ಮರಿ ಹಾಕುತ್ತದೆ, ಅವಳಿ ಮರಿ ಅಪರೂಪವಲ್ಲ. ತೋಳಗಳು ಟೆಕ್ಸಾಸಿನಿಂದ ಹಿಂದೆಯೇ ಅಳಿದವು. ಗಾಯದಲ್ಲಿ ಹುಳು ಹುಟ್ಟಿಸಿ ಜಿಂಕೆ ಮರಿಗಳನ್ನು ಕೊಲ್ಲುತ್ತಿದ್ದ ಸ್ಕ್ರೂವರ್ಮ್ ನೊಣವನ್ನು ಬಂಜೆ ಗಂಡುನೊಣ ಬಿಡುವ ಉಪಾಯದಿಂದ 1980ರ ದಶಕದ ಆರಂಭಕ್ಕೆ ಅಲ್ಲಿಂದ ನಿರ್ಮೂಲ ಮಾಡಿದರು. ಅದು ದನಕರುಗಳಿಗೆ ದೊಡ್ಡ ಉಪಕಾರವಾಯಿತು, ಕಾಡು ಹಿಂಡಿನ ಮೇಲಿದ್ದ ಒಂದು ಹಿಡಿತವೂ ತಪ್ಪಿತು. ಇಂಥ ಕಡೆ ಹಿಂಡು ವರ್ಷಕ್ಕೆ ಶೇಕಡಾ 20ರಂತೆ ಬೆಳೆಯುತ್ತದೆ ಎಂದಿಟ್ಟುಕೊಂಡರೆ ಐವತ್ತು ತಲೆ ನಾಲ್ಕು ವರ್ಷಕ್ಕೆ ನೂರು, ಎಂಟು ವರ್ಷಕ್ಕೆ ಇನ್ನೂರು, ಹನ್ನೆರಡು ವರ್ಷಕ್ಕೆ ನಾನೂರು ದಾಟುತ್ತದೆ. ಬೇಟೆಗಾರರು ಹೊಡೆಯುತ್ತಾರಲ್ಲ, ಮಿಕ್ಕದ್ದು ಅದರಲ್ಲೇ ಸರಿಹೋಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇಡೀ ಕಸುಬಿನ ದೊಡ್ಡ ತಪ್ಪುಲೆಕ್ಕ ಇಲ್ಲೇ ಇದೆ. ಬೇಟೆಗಾರ ದುಡ್ಡು ಕೊಡುವುದು ಕೊಂಬಿಗೆ. ಕೊಂಬು ಮೂವತ್ತು ಅಂಗುಲ ದಾಟಿದ ವಯಸ್ಸಾದ ಟಗರನ್ನು ಹೊಡೆದು ಹೋಗುತ್ತಾನೆ. ಹಿಂಡು ಬೆಳೆಯುವುದು ಹೆಣ್ಣಿನಿಂದ. ಹತ್ತು ಟಗರು ಹೋದರೂ ಉಳಿದ ನಾಲ್ಕೇ ಟಗರು ಎಲ್ಲ ಹೆಣ್ಣುಗಳಿಗೂ ಸಾಕು. ಬೇಟೆಯ ಆದಾಯ ಏರುತ್ತಿದ್ದಂತೆಯೇ ಹಿಂಡೂ ಏರುತ್ತಿರುತ್ತದೆ. ಹಿಂಡು ನಿಂತಲ್ಲಿ ನಿಲ್ಲಬೇಕಾದರೆ ಹುಟ್ಟಿ ಉಳಿದ ಹೆಣ್ಣುಮರಿಗಳಷ್ಟೇ ಹೆಣ್ಣುಗಳು ಪ್ರತಿವರ್ಷ ಹೊರಗೆ ಹೋಗಬೇಕು. ಅವಕ್ಕೆ ಬೇಟೆಯ ಬೆಲೆ ಇಲ್ಲ, ಮಾಂಸದ ಬೆಲೆ ಮಾತ್ರ. ಲಾಭ ತರದ ಈ ಕೆಲಸವನ್ನು ಲಾಭ ತರುವ ಕೆಲಸದಷ್ಟೇ ಶ್ರದ್ಧೆಯಿಂದ ಮಾಡುವವರು ಮಾತ್ರ ರಾಂಚ್ ಉಳಿಸಿಕೊಳ್ಳುತ್ತಾರೆ.

ಸಂಖ್ಯೆ ಮೀರಿದಾಗ ಮೊದಲು ಬರುವ ಶತ್ರು ಹಸಿವಲ್ಲ, ಜಂತು. ಕುರಿ ಮೇಕೆಗಳ ಹೊಟ್ಟೆಯಲ್ಲಿ ಕೂತು ನೆತ್ತರು ಹೀರುವ ಹೀಮಾಂಕಸ್ ಎಂಬ ಹುಳುವಿದೆ; ಒಂದು ಹೆಣ್ಣುಹುಳು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತದೆ, ಮರಿಹುಳು ಇಬ್ಬನಿಯ ತೇವ ಹಿಡಿದು ಹುಲ್ಲಿನ ಗರಿ ಹತ್ತುತ್ತದೆ, ಬಹುಪಾಲು ನೆಲದಿಂದ ಕೆಲವು ಅಂಗುಲದೊಳಗೇ ಇರುತ್ತದೆ. ಹುಲ್ಲು ಎತ್ತರವಿದ್ದಾಗ ಪ್ರಾಣಿ ಮೇಲಿನ ತುದಿ ತಿಂದು ಪಾರಾಗುತ್ತದೆ. ಹುಲ್ಲು ಬುಡಮಟ್ಟ ಸವೆದಾಗ ಪ್ರತಿ ತುತ್ತಿನಲ್ಲೂ ಹುಳು ಒಳಗೆ ಹೋಗುತ್ತದೆ. ಸಾಕು ಕುರಿಯಾದರೆ ಕಣ್ಣಿನ ಒಳರೆಪ್ಪೆ ಬಿಡಿಸಿ ಬಿಳಿಚಿದೆಯೇ ನೋಡಬಹುದು, ದವಡೆಯ ಕೆಳಗೆ ನೀರು ತುಂಬಿ ಊದಿದ್ದರೆ ಮದ್ದು ಕುಡಿಸಬಹುದು. ಮೂಫ್ಲಾನ್‌ನ ರೆಪ್ಪೆಯನ್ನು ಬಿಡಿಸುವವರು ಯಾರು? ತಿಂಡಿಯಲ್ಲಿ ಮದ್ದು ಬೆರೆಸಿ ಇಟ್ಟರೆ ಬಲವಾದ ಟಗರು ಎರಡು ಪಾಲು ತಿಂದು, ಸೊರಗಿದ ಕುರಿಗೆ ಏನೂ ಸಿಗದೆ ಹೋಗುತ್ತದೆ. ಅರೆಬರೆ ಮದ್ದು ತಿಂದ ಹುಳು ಮದ್ದಿಗೇ ಬಗ್ಗದಂತಾಗುತ್ತದೆ. ಇದಕ್ಕಿಂತ ದೊಡ್ಡ ಚಿಂತೆ ಬೇಲಿ ದಾಟುವ ರೋಗದ್ದು. ಟೆಕ್ಸಾಸಿನ ಪಶ್ಚಿಮದ ಮರುಭೂಮಿ ಬೆಟ್ಟಗಳಲ್ಲಿ ಬಿಗ್‌ಹಾರ್ನ್ ಎಂಬ ಸ್ಥಳೀಯ ಕಾಡುಕುರಿ ಇತ್ತು. 1960ರ ದಶಕದ ಹೊತ್ತಿಗೆ ಅದು ರಾಜ್ಯದಿಂದ ಪೂರ್ತಿ ಅಳಿಯಿತು. ಬೇರೆ ರಾಜ್ಯಗಳಿಂದ ತಂದು, ಮರಿ ಮಾಡಿಸಿ, ದಶಕಗಳ ಕಾಲ ಕಷ್ಟಪಟ್ಟು ಅದನ್ನು ಮತ್ತೆ ಸುಮಾರು 1,500ಕ್ಕೆ ಏರಿಸಿದರು. ಅಷ್ಟರಲ್ಲಿ ಅದೇ ಬೆಟ್ಟಗಳಿಗೆ ಔದಾದ್ ಹಬ್ಬಿತ್ತು. ಸಾಕು ಕುರಿ ಮೇಕೆಗಳಲ್ಲಿ ಸಾಮಾನ್ಯವಾಗಿರುವ, ಬಿಗ್‌ಹಾರ್ನ್‌ಗೆ ನ್ಯುಮೋನಿಯಾ ತರುವ ಒಂದು ಸೂಕ್ಷ್ಮಾಣು ಔದಾದ್‌ಗಳಲ್ಲೂ ಕಂಡುಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಬಿಗ್‌ಹಾರ್ನ್ ಸಂಖ್ಯೆ ಮತ್ತೆ ಇಳಿದಿದೆ, ಇಳಿತಕ್ಕೆ ಈ ರೋಗವೂ ಔದಾದ್‌ನ ಪೈಪೋಟಿಯೂ ಕಾರಣವೆಂದು ವನ್ಯಜೀವಿ ಅಧಿಕಾರಿಗಳು ಹೇಳುತ್ತಾರೆ.

ಟೆಕ್ಸಾಸಿನಲ್ಲಿ ಹಬ್ಬಿದ ಔದಾದ್ ಎಲ್ಲವೂ ರಾಂಚ್‌ಗಳಿಂದ ತಪ್ಪಿಸಿಕೊಂಡದ್ದಲ್ಲ ಎಂಬುದನ್ನೂ ಹೇಳಬೇಕು. 1957 ಮತ್ತು 58ರ ಚಳಿಗಾಲದಲ್ಲಿ ಉತ್ತರ ಟೆಕ್ಸಾಸಿನ ಪಾಲೋ ಡ್ಯೂರೋ ಕಣಿವೆಯಲ್ಲಿ 44 ಔದಾದ್‌ಗಳನ್ನು ಬಿಟ್ಟದ್ದು ಸರ್ಕಾರದ ಇಲಾಖೆಯೇ. ಐದಾರು ವರ್ಷಗಳಲ್ಲೇ, 1963ರಲ್ಲಿ, ಬೇಟೆಗೆ ಅನುಮತಿ ಕೊಡುವಷ್ಟು ಅವು ಬೆಳೆದಿದ್ದವು. ಖಾಸಗಿಯವರು ತಂದರೂ ಒಂದೇ, ಸರ್ಕಾರ ತಂದರೂ ಒಂದೇ. ತಂದ ಮೇಲೆ ತೆಗೆಯುವ ವ್ಯವಸ್ಥೆ ಇಲ್ಲದಿದ್ದರೆ ಫಲ ಒಂದೇ. ನ್ಯೂಜಿಲೆಂಡಿನ ಕಥೆ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕ್ ಉಡುಗೊರೆಯಾಗಿ ಕಳಿಸಿದ ಬೆರಳೆಣಿಕೆಯ ಹಿಮಾಲಯದ ತಾಹರ್‌ಗಳನ್ನು, ಅಂದರೆ ಕಾಡಾಡುಗಳನ್ನು, 1904ರಲ್ಲಿ ಕುಕ್ ಶಿಖರದ ಬಳಿ ಬಿಟ್ಟರು. ಮೊದಲಿಗೆ ಕಾನೂನಿನ ರಕ್ಷಣೆ ಕೊಟ್ಟರು. 1930ರಲ್ಲಿ ರಕ್ಷಣೆ ತೆಗೆದರು. ಆಮೇಲೆ ಸರ್ಕಾರವೇ ಬಂದೂಕು ಹಿಡಿದವರನ್ನು ನೇಮಿಸಿತು. 1993ರ ಯೋಜನೆ ಹತ್ತು ಸಾವಿರಕ್ಕಿಂತ ಹೆಚ್ಚು ಇರಕೂಡದೆಂದು ಮಿತಿ ಹಾಕಿತು. ಕಾಲು ಶತಮಾನ ಕಳೆದು ಎಣಿಸಿದಾಗ ಸರ್ಕಾರಿ ಭೂಮಿಯಲ್ಲೇ ಮೂವತ್ತು ಸಾವಿರ ಮೀರಿತ್ತು. ಹೆಲಿಕಾಪ್ಟರಿನಿಂದ ಕಡಿಮೆ ಮಾಡಲು ಹೊರಟಾಗ 2020ರಲ್ಲಿ ಬೇಟೆಗಾರರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. ಹಿಮದ ಗೆರೆಯ ಅಪರೂಪದ ಗಿಡಗಳು ಒಂದು ಕಡೆ, ನೂರು ವರ್ಷದಲ್ಲಿ ಬೆಳೆದ ಬೇಟೆಯ ಪ್ರೀತಿ ಮತ್ತು ಬದುಕು ಇನ್ನೊಂದು ಕಡೆ. ಬಿಡುವುದಕ್ಕೆ ಒಂದು ದಿನ ಸಾಕಾಗಿತ್ತು. ತೆಗೆಯುವುದು ನಾಲ್ಕು ತಲೆಮಾರಿನ ಜಗಳವಾಯಿತು. ಹಿಂಡು ಬೆಳೆದಂತೆ ಅದನ್ನು ನೆಚ್ಚಿದವರೂ ಬೆಳೆಯುತ್ತಾರೆ, ಆಮೇಲೆ ಕಡಿಮೆ ಮಾಡುವ ಮಾತೇ ಅಪರಾಧದಂತೆ ಕೇಳುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ತವರಿನಲ್ಲಿ ಅಳಿಯುತ್ತಿರುವ ಪ್ರಾಣಿಗಳನ್ನು ಈ ಬೇಲಿಗಳೇ ಉಳಿಸಿವೆ ಎಂದು ರಾಂಚ್ ಒಡೆಯರು ಹೇಳುತ್ತಾರೆ. ಇದು ಸುಳ್ಳಲ್ಲ. ಸಹಾರದ ಅಂಚಿನ ಕತ್ತಿಕೊಂಬಿನ ಓರಿಕ್ಸ್ ಎಂಬ ಹುಲ್ಲೆ ಕಾಡಿನಿಂದ ಅಳಿದಿದೆ ಎಂದು 2000ದಲ್ಲಿ ಘೋಷಿಸಿದಾಗ ಟೆಕ್ಸಾಸಿನಲ್ಲಿ ಅದರ ಸಾವಿರಾರು ತಲೆಗಳಿದ್ದವು. ಅಬುಧಾಬಿಯವರು ಹಲವು ದೇಶಗಳ ಹಿಂಡುಗಳಿಂದ ಆಯ್ದು ಕಟ್ಟಿದ ಹಿಂಡಿನಿಂದ 2016ರಲ್ಲಿ ಚಾಡ್ ದೇಶಕ್ಕೆ ಅದನ್ನು ಮರಳಿ ಒಯ್ದರು. 2023ರಲ್ಲಿ ಅದು ಅಳಿದ ಪಟ್ಟಿಯಿಂದ ಅಪಾಯದ ಪಟ್ಟಿಗೆ ಬಂತು. ಪಾಕಿಸ್ತಾನದಲ್ಲಿ ಕೃಷ್ಣಮೃಗ ಇಲ್ಲವಾದಾಗ 1970ರ ಹೊತ್ತಿಗೆ ಟೆಕ್ಸಾಸಿನಿಂದಲೇ ಹತ್ತು ಕೃಷ್ಣಮೃಗಗಳು ಅಲ್ಲಿನ ಲಾಲ್ ಸುಹಾನ್ರಾ ಉದ್ಯಾನಕ್ಕೆ ಹೋದವು. ಇವೆರಡನ್ನೂ ಒಪ್ಪಿಕೊಂಡೇ ಒಂದು ಪ್ರಶ್ನೆ ಕೇಳಬೇಕು: ಮರಳಿ ಒಯ್ಯಲು ಯೋಗ್ಯವಾದ ಹಿಂಡು ಯಾವುದು? ತಳಿ ಶುದ್ಧವಾಗಿರಬೇಕು, ಯಾವುದರ ಮರಿ ಯಾವುದು ಎಂಬ ದಾಖಲೆ ಇರಬೇಕು. ಕುರಿ ಮೇಕೆಗಳ ಬೇಲಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುಗುಮುರುಗು. ಮೂಫ್ಲಾನ್‌ಗೆ ಬಾರ್ಬಡೋಸ್ ಕುರಿ ಕೂಡಿಸಿ ಮಾಡಿದ ‘ಕಾರ್ಸಿಕನ್’, ಬಿಳಿಯದಕ್ಕೆ ‘ಟೆಕ್ಸಾಸ್ ಡಾಲ್’, ಕರಿಯದಕ್ಕೆ ‘ಬ್ಲ್ಯಾಕ್ ಹವಾಯಿಯನ್’. ಐಬೆಕ್ಸ್‌ಗೆ ನಾಟಿ ಮೇಕೆ ಕೂಡಿಸಿದ ಬೆರಕೆಗಳು. ಕೊಂಬು ದೊಡ್ಡದಾಗಲಿ, ಬಣ್ಣ ಚೆನ್ನಾಗಿರಲಿ ಎಂಬುದೇ ಗುರಿ. ಇದರ ತುದಿ ಮುಟ್ಟಿದ ಪ್ರಕರಣವೊಂದು 2024ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಮೊಂಟಾನಾ ರಾಜ್ಯದ ಒಬ್ಬ ರಾಂಚ್ ಒಡೆಯ ಕಿರ್ಗಿಸ್ತಾನದಿಂದ ಕಳ್ಳತನದಲ್ಲಿ ಮಾರ್ಕೋ ಪೋಲೋ ಕಾಡುಕುರಿಯ ಅಂಗಾಂಶ ತರಿಸಿ, ತದ್ರೂಪಿ ಟಗರು ಹುಟ್ಟಿಸಿ, ಅದರ ಬೀಜದಿಂದ ಭಾರೀ ಗಾತ್ರದ ಬೆರಕೆಗಳನ್ನು ಮಾಡಿ ಬೇಟೆಯ ರಾಂಚ್‌ಗಳಿಗೆ ಮಾರಲು ಹೊರಟಿದ್ದ. ಆರು ತಿಂಗಳ ಸೆರೆಯಾಯಿತು. ಬೆರಕೆಯ ಹಿಂಡಿನಲ್ಲಿ ಸಾವಿರ ತಲೆ ಇದ್ದರೂ ತವರಿನ ಬೆಟ್ಟಕ್ಕೆ ಅದರಿಂದ ಒಂದು ಮರಿಯ ಉಪಕಾರವೂ ಇಲ್ಲ.

ಕಾಡುಮೇಕೆಯನ್ನು ಬೇಟೆಯ ದುಡ್ಡಿನಿಂದಲೇ ಉಳಿಸಿದ ಬೇರೆ ದಾರಿಯೂ ಇದೆ, ಅದಕ್ಕೆ ಬೇಲಿಯೇ ಇಲ್ಲ. ಬಲೂಚಿಸ್ತಾನದ ತೋರ್ಘರ್ ಬೆಟ್ಟಗಳಲ್ಲಿ ತಿರುಪುಕೊಂಬಿನ ಮಾರ್ಖೋರ್ ಆಡು 1980ರ ದಶಕದ ನಡುವೆ ನೂರರ ಆಸುಪಾಸಿಗೆ ಇಳಿದಿತ್ತು. ಅಲ್ಲಿನ ಬುಡಕಟ್ಟಿನ ಮುಖಂಡರು 1986ರಲ್ಲಿ ತಮ್ಮವರನ್ನೇ ಕಾವಲಿಗೆ ನೇಮಿಸಿ, ಊರವರ ಬೇಟೆ ನಿಲ್ಲಿಸಿ, ವರ್ಷಕ್ಕೆ ಕೆಲವೇ ಮುದಿ ಹೋತಗಳನ್ನು ಹೊರಗಿನ ಬೇಟೆಗಾರರಿಗೆ ಬಿಟ್ಟು, ಆ ದುಡ್ಡಿನಲ್ಲಿ ಕಾವಲುಗಾರರ ಸಂಬಳ, ಊರಿನ ನೀರು ಮೊದಲಾದ ಖರ್ಚು ನೋಡಿಕೊಂಡರು. ಎರಡು ದಶಕದಲ್ಲಿ ಹಿಂಡು ಎರಡು ಸಾವಿರ ದಾಟಿತು. ಪಾಕಿಸ್ತಾನದ ಬೇರೆ ಕಣಿವೆಗಳಲ್ಲಿಯೂ ಇದೇ ಮಾದರಿ ಹಬ್ಬಿ, ಬೇಟೆಯ ಶುಲ್ಕದ ಶೇಕಡಾ 80 ಊರಿಗೇ ಸಲ್ಲುವ ಏರ್ಪಾಡಾಯಿತು; 2015ರಲ್ಲಿ ಮಾರ್ಖೋರ್ ಅಪಾಯದ ಪಟ್ಟಿಯಿಂದ ಹೊರಗೆ ಬಂತು. ಇದು ಟೆಕ್ಸಾಸಿಗೆ ಪಾಠ ಹೇಳುವ ಮಾತಲ್ಲ. ನೆಲ ಬೇರೆ, ಒಡೆತನ ಬೇರೆ. ಆದರೆ ಗಂಡನ್ನಷ್ಟೇ ಹೊಡೆಯುವ ಬೇಟೆ ತೋರ್ಘರ್‌ನಲ್ಲಿ ಹಿತವಾದದ್ದು ಯಾಕೆ, ಬೇಲಿಯೊಳಗೆ ಅಹಿತವಾಗುವುದು ಯಾಕೆ ಎಂಬುದು ಇಲ್ಲಿ ತಿಳಿಯುತ್ತದೆ. ಅಲ್ಲಿ ಹಿಂಡು ಬೆಳೆಯಬೇಕಾಗಿತ್ತು, ಬೆಳೆಯಲು ಜಾಗವಿತ್ತು, ಹಿಮಚಿರತೆ ತೋಳಗಳಿರುವ ಕಣಿವೆಗಳೂ ಆ ಮಾದರಿಯಲ್ಲಿ ಸೇರಿದ್ದವು. ಬೇಲಿಯೊಳಗೆ ಹಿಂಡು ನಿಲ್ಲಬೇಕು. ಒಂದೇ ಉಪಕರಣ ಎರಡು ಗುರಿಗೂ ಒದಗುವುದಿಲ್ಲ.

ಕೊನೆಯ ಆಕ್ಷೇಪ ದುಡ್ಡಿನದು. ಈ ಆದಾಯ ಇಲ್ಲದಿದ್ದರೆ ರಾಂಚ್‌ಗಳು ಒಡೆದು ನಿವೇಶನಗಳಾಗುತ್ತವೆ, ಆಸ್ಟಿನ್, ಸ್ಯಾನ್ ಆಂಟೋನಿಯೋ ನಗರಗಳು ಬೆಟ್ಟದ ಸೀಮೆಯನ್ನು ನುಂಗುತ್ತವೆ. ಜುನಿಪರ್ ಕಾಡಿಗಿಂತ ಕಾಂಕ್ರೀಟು ಮೇಲೆನ್ನುತ್ತೀರಾ ಎಂದು ಕೇಳುತ್ತಾರೆ. ಇಡಿಯಾಗಿ ಉಳಿದ ನೆಲಕ್ಕೆ ಬೆಲೆ ಇದೆ, ಒಪ್ಪಲೇಬೇಕು. ಹೆಚ್ಚು ಹಿಂಡು ಹೆಚ್ಚು ಆದಾಯ ಎಂಬ ನಂಬಿಕೆ ಮಾತ್ರ ಈ ವಾದದಿಂದ ಸಾಬೀತಾಗುವುದಿಲ್ಲ. ಕೊಂಬು ಬೆಳೆಯುವುದು ಮೇವಿನಿಂದ. ಇನ್ನೂರು ತಲೆಯ ಹಸಿದ ಹಿಂಡಿನ ಆರು ವರ್ಷದ ಟಗರಿಗೂ ಐವತ್ತು ತಲೆಯ ತುಂಬಿದ ಹೊಟ್ಟೆಯ ಹಿಂಡಿನ ಆರು ವರ್ಷದ ಟಗರಿಗೂ ಕೊಂಬಿನಲ್ಲಿ ಅಂತರ ಕಾಣುತ್ತದೆ. ಬೇಟೆಗಾರ ಬೆಲೆ ಕಟ್ಟುವುದು ಆ ಅಂತರಕ್ಕೇ. ಹುಲ್ಲು ಸವೆದ ನೆಲದಲ್ಲಿ ಮೇವಿನ ಚೀಲ ಕೊಂಡು ಹಾಕುವ ಖರ್ಚು, 2011ರಂಥ ಬರದಲ್ಲಿ ಅಥವಾ 2021ರ ಫೆಬ್ರವರಿಯಂಥ ಹಿಮದ ಚಳಿಯಲ್ಲಿ ಸೊರಗಿದ ಪ್ರಾಣಿಗಳು ಸಾಲುಸಾಲಾಗಿ ಸಾಯುವ ನಷ್ಟ, ಇವನ್ನು ಸೇರಿಸಿದರೆ ಸಣ್ಣ ಹಿಂಡೇ ಲಾಭದ ಹಿಂಡು. ಆ ಚಳಿಯಲ್ಲಿ ಬಿಸಿನಾಡಿನ ಚುಕ್ಕೆ ಜಿಂಕೆ, ಕೃಷ್ಣಮೃಗ, ನೀಲಗಾಯ್‌ಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಮೈಯಲ್ಲಿ ಕೊಬ್ಬಿಲ್ಲದ ಪ್ರಾಣಿ ಮೊದಲು ಬೀಳುತ್ತದೆ ಎಂಬುದು ಯಾವ ದನಗಾಹಿಗೂ ಗೊತ್ತಿರುವ ವಿಷಯ.

ಕರ್ನಾಟಕದ ಕೇಳುಗರಿಗೆ ಈ ಚರ್ಚೆ ಒಂದು ಕಡೆಯಿಂದ ದೂರದ್ದು, ಇನ್ನೊಂದು ಕಡೆಯಿಂದ ಹತ್ತಿರದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೃಷ್ಣಮೃಗವನ್ನು ಸಾಕಿ ಬೇಟೆಗೆ ಬಿಡುವ ಮಾತೇ ಇಲ್ಲ. 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯ ಅದಕ್ಕಾಗಿಯೇ ಆಯಿತು. ಬೆಳೆ ಕಳೆದುಕೊಂಡ ರೈತರ ದೂರು ಕೇಳಿದಾಗ ಟೆಕ್ಸಾಸಿನಂತೆ ಪ್ರಾಣಿಯ ಒಡೆತನವನ್ನೇ ಭೂಮಾಲೀಕರಿಗೆ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಸಾವಿರಾರು ಎಕರೆಯ ಬೇಲಿಯೊಳಗೇ ಲೆಕ್ಕ ತಪ್ಪುತ್ತಿರುವಾಗ, ಎರಡು ಮೂರು ಎಕರೆಯ ಹಿಡುವಳಿಗಳ ನಾಡಿಗೆ ಆ ಮಾದರಿ ಒಗ್ಗದು. ಬೆಳೆನಷ್ಟಕ್ಕೆ ಬೇಗ ಸಿಗುವ ಪರಿಹಾರವೇ ಇಲ್ಲಿನ ದಾರಿ. ಇನ್ನು ಬಿಟ್ಟ ಪ್ರಾಣಿಯನ್ನು ತೆಗೆಯಲಾಗದ ಪೇಚು ನಮಗೂ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಅಂಡಮಾನ್ ದ್ವೀಪಗಳಿಗೆ ಒಯ್ದ ಚುಕ್ಕೆ ಜಿಂಕೆಗಳು, ಬೇಟೆಯಾಡುವ ಹುಲಿ ಚಿರತೆಗಳಿಲ್ಲದ ಆ ಕಾಡುಗಳಲ್ಲಿ ಸಸಿಗಳು ಮೇಲೇಳದಂತೆ ಮೇಯುತ್ತಿವೆ. ನಾಡಿನಲ್ಲಿ ಅವನ್ನು ಕಾಪಾಡುವ ಕಾನೂನೇ ಅಲ್ಲಿ ಕಡಿಮೆ ಮಾಡುವುದಕ್ಕೆ ಅಡ್ಡ ನಿಂತಿದೆ.

ಇಷ್ಟನ್ನೆಲ್ಲ ಕೂಡಿಸಿ ನೋಡಿದರೆ ಪರದೇಶಿ ಕುರಿ ಮೇಕೆಗಳನ್ನು ಸಾಕುವುದನ್ನೇ ನಿಷೇಧಿಸಬೇಕು ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಆ ಸೀಮೆಯ ಒಕ್ಕಲುತನಕ್ಕೆ ಅದೊಂದು ಆಸರೆ, ಮತ್ತು ಶುದ್ಧ ತಳಿ ಕಾಪಾಡುವ ಕೆಲವು ರಾಂಚ್‌ಗಳು ಲೋಕಕ್ಕೇ ಉಪಕಾರ ಮಾಡಿವೆ. ಕೇಳಬೇಕಾದದ್ದು ಒಂದು ಕಟ್ಟುಪಾಡು. ಮೊದಲ ಲಾರಿ ಪ್ರಾಣಿ ಒಳಗೆ ಬರುವ ಮೊದಲೇ ಬರದ ವರ್ಷದ ಮೇವನ್ನು ಆಧರಿಸಿ ತಲೆಯೆಣಿಕೆಯ ಮಿತಿ ಬರೆದಿಡಬೇಕು. ಹಿಡಿಯಲು ದೊಡ್ಡಿಯೂ ಬೋನೂ ಬೇಲಿಯ ಖರ್ಚಿನಲ್ಲೇ ಸೇರಿರಬೇಕು. ಪ್ರತಿವರ್ಷ ಎಷ್ಟು ಟಗರು ಹೊಡೆದರು ಎಂಬುದರ ಪಕ್ಕದಲ್ಲಿ ಎಷ್ಟು ಹೆಣ್ಣು ಹೊರಹೋದವು ಎಂಬುದನ್ನೂ ಬರೆಯಬೇಕು. ಬಿಗ್‌ಹಾರ್ನ್ ಇರುವ ಬೆಟ್ಟಗಳ ನೆರೆಯಲ್ಲಿ ಔದಾದ್ ಬಿಡುವ ಹಕ್ಕನ್ನು ರಾಜ್ಯವೇ ತಡೆಹಿಡಿಯಬೇಕು, ಯಾಕೆಂದರೆ ಅಲ್ಲಿ ಒಬ್ಬನ ಬೇಲಿ ತಪ್ಪಿದರೆ ನಷ್ಟ ಎಲ್ಲರದು. ಖಾಸಗಿ ಒಡೆತನಕ್ಕೆ ಇದರಿಂದ ಕುಂದೇನೂ ಇಲ್ಲ. ಒಂದು ತಲೆಮಾರಿನ ಹಿಂದೆ ಉಣ್ಣೆಯ ಕುರಿ ಸಾಕುತ್ತಿದ್ದ ಅದೇ ಒಡೆಯರು ವರ್ಷವರ್ಷ ಎಣಿಸಿ, ಆರಿಸಿ, ಮಾರಿ ನಡೆಸುತ್ತಿದ್ದ ಪದ್ಧತಿಯೇ ಇದು. ಪ್ರಾಣಿ ಬದಲಾಯಿತೆಂದು ಆ ಪದ್ಧತಿಯನ್ನು ಕೈಬಿಟ್ಟದ್ದರಿಂದ ತೊಂದರೆ ಹುಟ್ಟಿತು. ಅದನ್ನು ಮತ್ತೆ ಹಿಡಿದ ಒಡೆಯ ಔದಾದ್ ಸಾಕಲಿ, ಐಬೆಕ್ಸ್ ಸಾಕಲಿ, ಅವನ ನೆಲದಲ್ಲಿ ಹುಲ್ಲು ಉಳಿಯುತ್ತದೆ. ಹಿಡಿಯಲಾರದವನಿಗೆ ಸಾಕು ಕುರಿಯೇ ಸರಿ.